ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ 14 ತಿಂಗಳು, ಇನ್ನಾದರೂ ಮುದ್ದೆ ತಿನ್ನಬಹುದಾ?

ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನಗೆ 61 ವರ್ಷ. ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದೆ, ಈಗ ರಿಟೈರ್ ಆಗಿದ್ದೇನೆ. 2024ರ ನವೆಂಬರಿನಲ್ಲಿ ದೊಡ್ಡ ಕರುಳಿನ ಎಡಭಾಗದಲ್ಲಿ ಗಡ್ಡೆ ಇದೆ ಅಂತ ಗೊತ್ತಾಯಿತು. ಮೂರನೇ ಹಂತ ಅಂದರು. ಆಪರೇಷನ್ ಆಯಿತು. ಆಮೇಲೆ ಎಂಟು ಸೈಕಲ್ ಕೀಮೋ. ಮೂರು ವಾರಕ್ಕೊಮ್ಮೆ ಡ್ರಿಪ್, ಜೊತೆಗೆ 14 ದಿನ ಮಾತ್ರೆ. ಜುಲೈನಲ್ಲಿ ಕೀಮೋ ಮುಗಿಯಿತು. ನವೆಂಬರಿನಲ್ಲಿ ಮಾಡಿದ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಹಾಕಿ ದೊಡ್ಡ ಕರುಳು ನೋಡುವ ಟೆಸ್ಟ್, ಕ್ಲೀನ್ ಬಂತು. ಕ್ಯಾನ್ಸರ್ ಮರಳಿದರೆ ಸುಳಿವು ಕೊಡುವ ರಕ್ತದ ಸಿಇಎ ಟೆಸ್ಟ್ ಕೂಡ ನಾರ್ಮಲ್. ದೇವರ ದಯೆ.

ತೊಂದರೆ ಊಟದ್ದು. ನನಗೆ ಇವತ್ತಿಗೂ ಮೂರು ಹೊತ್ತು ಬಿಳಿ ಅನ್ನ, ತಿಳಿಸಾರು, ಗಂಜಿ, ಬ್ರೆಡ್, ಬೇಯಿಸಿದ ಸೋರೆಕಾಯಿ. ಮುದ್ದೆ ಇಲ್ಲ. ಸೊಪ್ಪು ಇಲ್ಲ. ಕಾಳು ಇಲ್ಲ. ಹಣ್ಣು ಅಂದರೆ ಬಾಳೆಹಣ್ಣು ಒಂದೇ. ಕೇಳಿದರೆ ಮನೆಯವರು ಫ್ರಿಜ್ ಮೇಲೆ ಅಂಟಿಸಿರುವ ಆಸ್ಪತ್ರೆಯ ಚೀಟಿ ತೋರಿಸುತ್ತಾರೆ. ಆಪರೇಷನ್‌ಗೆ ಮುಂಚೆ 68 ಕೆಜಿ ಇದ್ದೆ, ಈಗ 55. ಮನೆಗೆ ಬಂದ ಪ್ರತಿಯೊಬ್ಬರೂ ಒಂದೊಂದು ಪದಾರ್ಥ ಕಡಿಮೆ ಮಾಡಿಸಿ ಹೋಗುತ್ತಾರೆ. ಒಬ್ಬರು ಹಾಲು ಬೇಡ ಅಂದರು. ಇನ್ನೊಬ್ಬರು ಸಕ್ಕರೆ ವಿಷ ಅಂದರು. ನನ್ನ ಭಾವಮೈದ ಮೊಟ್ಟೆಯನ್ನೂ ನಿಲ್ಲಿಸಿಬಿಟ್ಟ.

ಈಗ ಅವರೆಕಾಯಿ ಕಾಲ. ಪಕ್ಕದ ಮನೆಯಿಂದ ಸೊಗಡು ಬರುತ್ತದೆ. ನಾನು ಗಂಜಿ ಮುಂದೆ ಕೂತಿರುತ್ತೇನೆ. 60 ವರ್ಷ ಹಿಟ್ಟು ತಿಂದು ಬೆಳೆದ ದೇಹ ಇದು.

ಇದೇ ದಾರಿಯಲ್ಲಿ ಹೋಗಿ ಬಂದವರು ಇದ್ದರೆ ಹೇಳಿ. ನೀವು ಏನು ತಿನ್ನುತ್ತೀರಿ? ಮುದ್ದೆ, ಸೊಪ್ಪಿನ ಸಾರು ಮತ್ತೆ ಶುರು ಮಾಡಿದ್ದು ಯಾವಾಗ?

ಮಂಡ್ಯದ ಸುಮ

ಮೇಷ್ಟ್ರೇ, 14 ತಿಂಗಳು ಗಂಜಿನಾ? ನಮ್ಮ ಕಡೆ ಬಾಣಂತಿಗೂ ಇಷ್ಟು ದಿನ ಪಥ್ಯ ಮಾಡಿಸುವುದಿಲ್ಲ. ಓದಿ ಹೊಟ್ಟೆ ಚುರ್ ಅಂತು.

ಕರಾವಳಿ ಡಯಟೀಷಿಯನ್

ಸರ್, ಮೊದಲು ಒಂದು ಪ್ರಶ್ನೆ. ಆ ಚೀಟಿಯಲ್ಲಿ ಎಷ್ಟು ವಾರ ಅಂತ ಬರೆದಿದೆ ನೋಡಿ ಹೇಳುತ್ತೀರಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಕರುಳಿನ ಆಪರೇಷನ್ ಆದ ಮೇಲೆ ನಾರು ಕಡಿಮೆ ಇರುವ ಊಟ ಕೊಡುವುದು ವಾಡಿಕೆ. ಹೊಲಿಗೆ ಹಾಕಿದ ಜಾಗ ಊದಿಕೊಂಡಿರುತ್ತದೆ. ಸಿಪ್ಪೆ, ಬೀಜ, ನಾರು ಅಲ್ಲಿ ಸಿಕ್ಕಿಕೊಳ್ಳಬಾರದು ಅಂತ ಬಿಳಿ ಅನ್ನ, ಬ್ರೆಡ್, ಸಿಪ್ಪೆ ತೆಗೆದ ತರಕಾರಿ ಹೇಳುತ್ತಾರೆ. ಆದರೆ ಸಾಮಾನ್ಯವಾಗಿ ಅದು ಕೆಲವೇ ವಾರಗಳ ಮಾತು. ಊತ ಇಳಿದ ಮೇಲೆ ನಿಧಾನವಾಗಿ ಮಾಮೂಲಿ ಊಟಕ್ಕೆ ಬರಬೇಕು. ನಾನು ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷ ಆಯಿತು. ಚೀಟಿಯಲ್ಲಿ ಮುಗಿಯುವ ದಿನ ಬರೆಯದೆ ಹೋದದ್ದರಿಂದ ವರ್ಷಗಟ್ಟಲೆ ಅದನ್ನೇ ಪಾಲಿಸಿದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಮಾತು. ದೊಡ್ಡ ಕರುಳಿನ ಕ್ಯಾನ್ಸರ್ ವಿಷಯದಲ್ಲಿ ಇಡೀ ಧಾನ್ಯ ಮತ್ತು ನಾರು ನಮ್ಮ ಕಡೆಯವು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯವರು ದಿನಕ್ಕೆ ಕನಿಷ್ಠ 30 ಗ್ರಾಂ ನಾರು ಊಟದಿಂದಲೇ ಸಿಗಲಿ ಅನ್ನುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಿಮ್ಮಿಂದ ದೂರ ಇಟ್ಟಿರುವುದು ಯಾವುದು ಅಂತ ನೋಡಿ.

ಹಾಗಂತ ನಾಳೆಯೇ ದೊಡ್ಡ ಮುದ್ದೆ ನುಂಗಬೇಡಿ. ಸರ್ಜನ್‌ಗೆ ಒಂದು ಮಾತು ಕೇಳಿ. ಕರುಳು ಎಲ್ಲಾದರೂ ಕಿರಿದಾಗಿದೆಯಾ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಹಾಸನದ ಮೇಷ್ಟ್ರು

ಮೇಡಂ, ಈಗ ಎದ್ದು ಹೋಗಿ ನೋಡಿ ಬಂದೆ. ಚೀಟಿಯಲ್ಲಿ ವಾರ, ತಿಂಗಳು ಏನೂ ಬರೆದಿಲ್ಲ. ‘ತಿನ್ನಬಹುದು’, ‘ತಿನ್ನಬಾರದು’ ಅಂತ ಎರಡು ಪಟ್ಟಿ ಮಾತ್ರ. ತಿನ್ನಬಾರದ ಪಟ್ಟಿಯಲ್ಲಿ ಮೊದಲನೆಯದೇ ರಾಗಿ.

ಸಿರಿಧಾನ್ಯ ಪ್ರೇಮಿ

ರಾಗಿ ಬೇಡ ಸರ್. ಸಾಮೆ, ಊದಲು, ಕೊರಲೆ, ಹಾರಕ, ನವಣೆ ಈ ಐದೇ ಸಾಕು. ಅಕ್ಕಿ, ಗೋಧಿ, ಹಾಲು ಪೂರ್ತಿ ಬಿಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗೋಧಿ ಹುಲ್ಲಿನ ರಸ. ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ. ನಮ್ಮ ಗುಂಪಿನಲ್ಲಿ ಎಷ್ಟೋ ಜನ ಕೀಮೋ ಇಲ್ಲದೆ ಗುಣ ಆಗಿದ್ದಾರೆ.

ತುಮಕೂರು ನರ್ಸಮ್ಮ

@ಸಿರಿಧಾನ್ಯ ಪ್ರೇಮಿ, ನವಣೆ ಅನ್ನ ನಾನೂ ಮಾಡುತ್ತೇನೆ, ಒಳ್ಳೆಯದು. ಆದರೆ ‘ಕೀಮೋ ಇಲ್ಲದೆ ಗುಣ’ ಅನ್ನುವ ಮಾತನ್ನು ದಯವಿಟ್ಟು ಇಲ್ಲಿ ಬರೆಯಬೇಡಿ. ನಾನು ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಎರಡನೇ ಹಂತದಲ್ಲಿ ಮನೆಗೆ ಹೋಗಿ ಧಾನ್ಯ, ಕಷಾಯ ಅಂತ ಎಂಟು ತಿಂಗಳು ಕಳೆದು ನಾಲ್ಕನೇ ಹಂತದಲ್ಲಿ ವಾಪಸ್ ಬಂದವರ ಕೈ ಹಿಡಿದುಕೊಂಡು ಕೂತಿದ್ದೇನೆ. ಊಟ ಊಟವೇ, ಔಷಧ ಔಷಧವೇ.

ಮತ್ತೆ 13 ಕೆಜಿ ಇಳಿದವರಿಗೆ ಅಕ್ಕಿ ಬಿಡಿ, ಗೋಧಿ ಬಿಡಿ, ಹಾಲು ಬಿಡಿ ಅಂದರೆ ಇನ್ನೇನು ಉಳಿಯಿತು?

ಸಿರಿಧಾನ್ಯ ಪ್ರೇಮಿ

ನಾನು ಒಳ್ಳೆಯದಕ್ಕೇ ಹೇಳಿದ್ದು. ನನ್ನ ಶುಗರ್ ಇದರಿಂದಲೇ ಹತೋಟಿಗೆ ಬಂತು.

ತುಮಕೂರು ನರ್ಸಮ್ಮ

ಅದನ್ನು ನಂಬುತ್ತೇನೆ ಅಣ್ಣ. ಶುಗರ್ ಬೇರೆ, ಇದು ಬೇರೆ. ನಿಮ್ಮ ಅನುಭವ ಶುಗರ್‌ದು ಅಂತಲೇ ಬರೆಯಿರಿ, ಅದು ಓದುವವರಿಗೆ ಉಪಯೋಗ ಆಗುತ್ತದೆ.

ಶಿರಸಿ ತೋಟದಮನೆ

ಲಕ್ಷ್ಮಣಫಲದ ಎಲೆ ಕಷಾಯ ಯಾರೂ ಹೇಳಲಿಲ್ಲವಲ್ಲ! ನಮ್ಮ ತೋಟದಲ್ಲೇ ಮರ ಇದೆ, ಬೇಕಿದ್ದರೆ ಕಳಿಸುತ್ತೇನೆ. ದುಡ್ಡು ಬೇಡ.

ಬನಶಂಕರಿ ಪುಟ್ಟಿ

ತೋಟದಮನೆಯವರೇ, ನಿಮ್ಮ ಮನಸ್ಸು ದೊಡ್ಡದು. ಆದರೆ ನಮ್ಮ ಅಪ್ಪನ ಕಥೆ ಕೇಳಿ.

ಅಪ್ಪನಿಗೂ ಇದೇ ಕಾಯಿಲೆ. ಕೀಮೋ ನಡೆಯುವಾಗ ಚಿಕ್ಕಪ್ಪ ತಂದುಕೊಟ್ಟ ಅಮೃತಬಳ್ಳಿ ಕಷಾಯ ದಿನಾ ಕುಡಿಸಿದೆವು. ಡಾಕ್ಟರಿಗೆ ಹೇಳಲಿಲ್ಲ, ಬೈಯುತ್ತಾರೆ ಅಂತ. ನಾಲ್ಕನೇ ಸೈಕಲ್ ಹೊತ್ತಿಗೆ ಲಿವರ್ ಟೆಸ್ಟ್ ಎಲ್ಲ ಮೇಲೆ ಹೋಯಿತು. ಕೀಮೋ ಐದು ವಾರ ನಿಂತಿತು. ಡಾಕ್ಟರು ಕಾರಣ ಹುಡುಕಿ ಹುಡುಕಿ ಸುಸ್ತಾದರು. ಕೊನೆಗೆ ಅಮ್ಮ ಅಳುತ್ತಾ ಒಪ್ಪಿಕೊಂಡರು. ನಿಲ್ಲಿಸಿದ ಮೇಲೆ ಇಳಿಯಿತು. ಕಷಾಯದಿಂದಲೇ ಆಯಿತು ಅಂತ ನಾನು ಪ್ರಮಾಣ ಮಾಡಲಾರೆ. ಆದರೆ ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬೈ ಡಾಕ್ಟರುಗಳು 2021ರಲ್ಲೇ ಬರೆದಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಏನೇ ಕುಡಿಸಿ, ಡಾಕ್ಟರಿಗೆ ಹೇಳಿಯೇ ಕುಡಿಸಿ. ಅಷ್ಟೇ ನನ್ನ ಕೋರಿಕೆ.

ಕರಾವಳಿ ಡಯಟೀಷಿಯನ್

ಪುಟ್ಟಿ ಹೇಳಿದ್ದು ಸರಿ. ಲಕ್ಷ್ಮಣಫಲದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಜೀವಕೋಶ ಸತ್ತದ್ದನ್ನೇ ವಾಟ್ಸಾಪಿನಲ್ಲಿ ‘ಕೀಮೋಗಿಂತ ಹತ್ತು ಸಾವಿರ ಪಟ್ಟು’ ಅಂತ ತಿರುಗಿಸುತ್ತಾರೆ. ಮನುಷ್ಯರಲ್ಲಿ ಕ್ಯಾನ್ಸರ್ ವಾಸಿ ಮಾಡಿದ ಪುರಾವೆ ಇಲ್ಲ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣನ್ನೂ ಎಲೆಯ ಚಹಾವನ್ನೂ ದಿನನಿತ್ಯ ಬಳಸುವವರಲ್ಲಿ ಪಾರ್ಕಿನ್ಸನ್ ತರಹದ ನರದ ಕಾಯಿಲೆ ಜಾಸ್ತಿ ಕಂಡಿದೆ. ಕೀಮೋದಿಂದ ಮೊದಲೇ ನರ ಸೋತಿರುವವರಿಗೆ ಅದು ಬೇಡ.

ಶಿರಸಿ ತೋಟದಮನೆ

ಇದು ನಿಜಕ್ಕೂ ಗೊತ್ತಿರಲಿಲ್ಲ. ಊರಿನಲ್ಲಿ ಇಬ್ಬರಿಗೆ ಕೊಟ್ಟಿದ್ದೇನೆ, ಇವತ್ತೇ ಫೋನ್ ಮಾಡಿ ಹೇಳುತ್ತೇನೆ. ಒಂದೆಲಗದ ತಂಬುಳಿ ತಿನ್ನಬಹುದು ತಾನೇ?

ಕರಾವಳಿ ಡಯಟೀಷಿಯನ್

ತಂಬುಳಿ ಧಾರಾಳವಾಗಿ. ಊಟದ ಪ್ರಮಾಣದಲ್ಲಿ ತಿನ್ನುವುದಕ್ಕೂ ಗಟ್ಟಿ ಕಷಾಯ ಮಾಡಿ ದಿನಾ ಲೋಟಗಟ್ಟಲೆ ಕುಡಿಯುವುದಕ್ಕೂ ವ್ಯತ್ಯಾಸ ಇದೆ.

ಬೆಳಗಾವಿ ರೊಟ್ಟಿ

ಮೇಷ್ಟ್ರಿಗೆ ನಮಸ್ಕಾರ ರೀ. ನಾನೂ ಇದೇ ದಾರಿಯವನು, ಆರು ವರ್ಷ ಆಯಿತು. ನನ್ನದು ಕೆಳಗಿನ ಭಾಗ, ಗುದನಾಳ. ಆಪರೇಷನ್ ಆದ ಮೇಲೆ ಒಂಬತ್ತು ತಿಂಗಳು ಹೊಟ್ಟೆ ಮೇಲೆ ಚೀಲ ಇತ್ತು, ಇಲಿಯೋಸ್ಟಮಿ, ಅಂದರೆ ಸಣ್ಣ ಕರುಳಿನ ಬಾಯಿಯನ್ನು ಹೊಟ್ಟೆ ಮೇಲೆ ತಂದು ಮಲ ಚೀಲಕ್ಕೆ ಬರುವ ಹಾಗೆ ಮಾಡುವುದು. ಯಾರಿಗೆ ಚೀಲ ಇದೆಯೋ ಅವರ ನಿಯಮವೇ ಬೇರೆ, ಇದನ್ನು ಓದುವವರು ಗಮನ ಇಡಬೇಕು. ಒಣಕೊಬ್ಬರಿ, ಅಣಬೆ, ಮೆಕ್ಕೆಜೋಳ, ಇಡೀ ಶೇಂಗಾ ಸಣ್ಣ ಕರುಳಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ನನಗೆ ಒಮ್ಮೆ ಕೊಬ್ಬರಿ ಹಾಕಿದ ಚಟ್ನಿಪುಡಿಯಿಂದ ಕಟ್ಟಿಕೊಂಡಿತು. ಆ ನೋವು ವೈರಿಗೂ ಬೇಡ. ಮತ್ತೆ ನೀರಿನ ಜೊತೆ ಉಪ್ಪೂ ಹರಿದು ಹೋಗುತ್ತದೆ. ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಬೇಕು.

ಚೀಲ ತೆಗೆದ ಮೇಲೆ ಜೋಳದ ರೊಟ್ಟಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಮೊದಲು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿಂದೆ. ಆಮೇಲೆ ಬೇಳೆಯಲ್ಲಿ ಅದ್ದಿ. ಈಗ ಎರಡು ಬಿಸಿ ರೊಟ್ಟಿ, ಮೆಂತ್ಯೆ ಪಲ್ಯ, ಮೊಸರು, ಎಲ್ಲಾ ನಡೆಯುತ್ತದೆ. ಹಸಿ ಈರುಳ್ಳಿ ಮಾತ್ರ ಒಗ್ಗುವುದಿಲ್ಲ, ಬಿಟ್ಟಿದ್ದೇನೆ.

ಒಂದು ಸಣ್ಣ ನೋಟ್‌ಬುಕ್ ಇಡಿ. ಹೊಸ ಪದಾರ್ಥ ಒಂದು ಸಲಕ್ಕೆ ಒಂದೇ. ಮೂರು ದಿನ ನೋಡಿ, ಆಮೇಲೆ ಮುಂದಿನದು. ಮೇಷ್ಟ್ರಿಗೆ ನೋಟ್‌ಬುಕ್ ಇಡುವುದು ನಾವು ಹೇಳಿಕೊಡಬೇಕಾ!

ಮಡಿಕೇರಿ ಕಾಫಿ

ಮಾಂಸದ ಕಥೆ ಏನು? ನನಗೂ ಹೋದ ವರ್ಷ ಆಪರೇಷನ್ ಆಗಿದೆ. ನಮ್ಮ ಮನೆಯಲ್ಲಿ ಹಂದಿ ಕರಿ ಇಲ್ಲದ ಹಬ್ಬ ಇಲ್ಲ.

ಸಾತ್ವಿಕ ಮೈಸೂರು

ಮಾಂಸ ಪೂರ್ತಿ ಬಿಡಿ. ಮೊಟ್ಟೆ, ಮೀನು ಕೂಡ. ಕ್ಯಾನ್ಸರಿಗೆ ಮೂಲವೇ ಅದು.

ಮಂಡ್ಯದ ಸುಮ

ಹಾಗಾದರೆ ನಮ್ಮ ಅತ್ತೆಗೆ ಯಾಕೆ ಬಂತು? ಹುಟ್ಟಿದಾಗಿನಿಂದ ಈರುಳ್ಳಿ ಕೂಡ ಮುಟ್ಟದವರು ಅವರು.

ಕರಾವಳಿ ಡಯಟೀಷಿಯನ್

ಜಗಳ ಬೇಡ, ಗೊತ್ತಿರುವುದನ್ನು ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು, ಅಂದರೆ ಸಾಸೇಜ್, ಬೇಕನ್, ಹ್ಯಾಮ್, ಸಲಾಮಿ ಇಂಥವನ್ನು ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಸುಮಾರು 18% ಏರುತ್ತದೆ ಅನ್ನುವುದು ಅವರ ಲೆಕ್ಕ. ಕುರಿ, ಹಂದಿ, ದನದ ಮಾಂಸ ಅದರ ಕೆಳಗಿನ ಗುಂಪಿನಲ್ಲಿವೆ, ‘ಬಹುಶಃ ತರುತ್ತದೆ’ ಅನ್ನುವ ಗುಂಪು. ಅದಕ್ಕೆ ಸಲಹೆ ಏನು ಅಂದರೆ ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂ ದಾಟಬೇಡಿ. ಮೀನು, ಕೋಳಿ, ಮೊಟ್ಟೆ ಈ ಪಟ್ಟಿಯಲ್ಲೇ ಇಲ್ಲ.

ಮಡಿಕೇರಿಯವರೇ, ಹಬ್ಬಕ್ಕೆ ನಾಲ್ಕು ತುಂಡು ತಿನ್ನುವುದೇ ಬೇರೆ, ದಿನಾ ಬೆಳಿಗ್ಗೆ ಸಾಸೇಜ್ ತಿನ್ನುವುದೇ ಬೇರೆ. ಕೆಂಡದ ಮೇಲೆ ಕರಕಲು ಮಾಡಬೇಡಿ. ಹೊಗೆಯಲ್ಲಿ ಒಣಗಿಸಿಟ್ಟ ಮಾಂಸ ಕೂಡ ಸಂಸ್ಕರಿಸಿದ್ದೇ. ಮತ್ತೆ ಹಂದಿ ಕರಿಯ ಜೊತೆ ಬರುವ ಪೆಗ್ ಬಗ್ಗೆ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಮದ್ಯ ಕೂಡ ಮೊದಲನೇ ಗುಂಪಿನಲ್ಲೇ ಇದೆ. ದೊಡ್ಡ ಕರುಳಿಗೆ ಅದರ ಕೆಡುಕು ಸ್ಪಷ್ಟವಾಗಿದೆ. ಅದನ್ನು ಬಿಟ್ಟರೇ ಒಳ್ಳೆಯದು.

ಮಡಿಕೇರಿ ಕಾಫಿ

ಪೆಗ್ ಬಿಟ್ಟು ಹತ್ತು ತಿಂಗಳಾಯಿತು ಮೇಡಂ. ಕಾಫಿ ಬಿಡಬೇಕಾ ಹೇಳಿ, ಅದೊಂದು ಕಷ್ಟ.

ಕರಾವಳಿ ಡಯಟೀಷಿಯನ್

ಬಿಡಬೇಕಾಗಿಲ್ಲ. ಹೊಟ್ಟೆ ಓಡಿಸಿದರೆ ಕಡಿಮೆ ಮಾಡಿ, ಅಷ್ಟೇ.

ನ್ಯೂಜೆರ್ಸಿ ಕನ್ನಡಿಗ

ಎಲ್ಲರೂ ತಟ್ಟೆ ಬಗ್ಗೆಯೇ ಮಾತಾಡುತ್ತಿದ್ದೀರಿ. ಕಾಲಿನ ಬಗ್ಗೆ ಯಾರೂ ಹೇಳಲಿಲ್ಲ.

2025ರ ಜೂನ್‌ನಲ್ಲಿ ‘ಚಾಲೆಂಜ್’ ಅನ್ನುವ ಪರೀಕ್ಷೆಯ ಫಲಿತಾಂಶ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ನಮ್ಮಂಥವರೇ 889 ಜನ. ದೊಡ್ಡ ಕರುಳಿನ ಕ್ಯಾನ್ಸರ್, ಆಪರೇಷನ್ ಆಗಿ ಕೀಮೋ ಮುಗಿಸಿದವರು. ಹೆಚ್ಚಿನವರು ಕೆನಡಾ, ಆಸ್ಟ್ರೇಲಿಯಾದವರು. ಅರ್ಧ ಜನಕ್ಕೆ ಆರೋಗ್ಯದ ಪುಸ್ತಕ ಕೊಟ್ಟರು. ಇನ್ನರ್ಧ ಜನಕ್ಕೆ ಮೂರು ವರ್ಷ ಜೊತೆಗೆ ನಿಂತು ವ್ಯಾಯಾಮ ಮಾಡಿಸಿದರು. ಐದು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಇದ್ದವರು ವ್ಯಾಯಾಮದ ಗುಂಪಿನಲ್ಲಿ 80%, ಪುಸ್ತಕದ ಗುಂಪಿನಲ್ಲಿ 74%. ಎಂಟು ವರ್ಷಕ್ಕೆ ಬದುಕಿದ್ದವರು 90% ಮತ್ತು 83%. ಒಂದು ಔಷಧಿ ಇಷ್ಟು ಮಾಡಿದ್ದರೆ ಲಕ್ಷಗಟ್ಟಲೆ ಬೆಲೆ ಇಟ್ಟು ಮಾರುತ್ತಿದ್ದರು.

ಎಷ್ಟು ವ್ಯಾಯಾಮ ಅಂತೀರಾ? ಈಗ ಮಾಡುತ್ತಿರುವುದರ ಮೇಲೆ ವಾರಕ್ಕೆ ಮೂರು ನಾಲ್ಕು ಸಲ ಮುಕ್ಕಾಲು ಗಂಟೆ ಬಿರುಸಾದ ನಡಿಗೆ, ಹೆಚ್ಚುಕಡಿಮೆ ಅಷ್ಟು. ನನಗೆ ಆಪರೇಷನ್ ಆಗಿ ಮೂರು ವರ್ಷ. ಇಲ್ಲಿ ಚಳಿಗಾಲದಲ್ಲಿ ಹೊರಗೆ ನಡೆಯಲು ಆಗುವುದಿಲ್ಲ, ಮಾಲ್‌ನೊಳಗೆ ನಡೆಯುತ್ತೇನೆ. ನನ್ನ ಹೆಂಡತಿ ಕೂಡ ಬರುತ್ತಾಳೆ. ಒಬ್ಬನೇ ಇದ್ದಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ.

ಹಾಸನದ ಮೇಷ್ಟ್ರು

ಸರ್, ಇದು ನನಗೆ ಹೊಸ ವಿಷಯ. ಇಷ್ಟು ಧೈರ್ಯ ಕೊಡುವ ಮಾತು ಈ ಒಂದು ವರ್ಷದಲ್ಲಿ ಕೇಳಿರಲಿಲ್ಲ. ಆದರೆ ನನ್ನ ಪಾದ ಇನ್ನೂ ಜೋಮು. ಕೀಮೋ ಸಮಯದಲ್ಲಿ ತಣ್ಣೀರು ಮುಟ್ಟಿದರೆ ಶಾಕ್ ಹೊಡೆದ ಹಾಗೆ ಆಗುತ್ತಿತ್ತು. ಅದು ಹೋಯಿತು. ಕಾಲು ಮಾತ್ರ ಹತ್ತಿ ಮೇಲೆ ಇಟ್ಟ ಹಾಗೆ. ಎರಡು ಸಲ ಹೊಸಲು ಎಡವಿದ್ದೇನೆ. ಮನೆಯವರು ಒಬ್ಬನನ್ನೇ ಗೇಟು ದಾಟಲು ಬಿಡುವುದಿಲ್ಲ.

ತುಮಕೂರು ನರ್ಸಮ್ಮ

ಅದು ಕೀಮೋ ಡ್ರಿಪ್‌ನಲ್ಲಿ ಕೊಡುವ ಆಕ್ಸಾಲಿಪ್ಲಾಟಿನ್ ಔಷಧದ್ದು ಮೇಷ್ಟ್ರೇ. ತುಂಬಾ ಜನಕ್ಕೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ಬರಿಗಾಲಲ್ಲಿ ನಡೆಯಬೇಡಿ, ಮನೆಯೊಳಗೂ. ಹಿಂದೆ ಪಟ್ಟಿ ಇರುವ ಚಪ್ಪಲಿ ಇಲ್ಲವೇ ಶೂ ಹಾಕಿ, ಹವಾಯಿ ಬೇಡ. ರಾತ್ರಿ ಪಾದದ ಅಡಿ ನೋಡಿಕೊಳ್ಳಿ, ಗಾಯ ಆದರೂ ಗೊತ್ತಾಗುವುದಿಲ್ಲ. ಸ್ನಾನದ ನೀರಿನ ಬಿಸಿ ಮೊದಲು ಮೊಣಕೈಯಿಂದ ನೋಡಿ. ಶುಗರ್, ಬಿ12 ಒಮ್ಮೆ ಟೆಸ್ಟ್ ಮಾಡಿಸಿ. ಅವೂ ಜೋಮಿಗೆ ಕಾರಣ ಆಗುತ್ತವೆ. ಸಣ್ಣ ಕರುಳಿನ ತುದಿ ತೆಗೆದವರಿಗಂತೂ ಬಿ12 ಸರಿಯಾಗಿ ಹತ್ತುವುದಿಲ್ಲ.

ಮೊದಲ ವಾರ ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷ ಸಾಕು.

ಶಿವಮೊಗ್ಗದ ಅನಾಮಿಕಳು

ಯಾರೂ ಹೇಳದ ಒಂದು ವಿಷಯ ಹೇಳಲಾ? ಬಾತ್‌ರೂಂ.

ನನಗೆ 44. ಗುದನಾಳದ ಹತ್ತಿರ ಆಪರೇಷನ್ ಆಗಿ ಎರಡು ವರ್ಷ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಐದಾರು ಸಲ ಹೋಗಬೇಕಾಗುತ್ತದೆ. ಬಂದರೆ ತಡೆಯಲು ಆಗುವುದಿಲ್ಲ. ಮದುವೆ ಮನೆಗೆ ಹೋಗುವುದು ಬಿಟ್ಟೆ. ಬಸ್ ಹತ್ತಬೇಕಾದ ದಿನ ಹಿಂದಿನ ರಾತ್ರಿಯಿಂದಲೇ ಊಟ ಬಿಡುತ್ತಿದ್ದೆ. ಜನ ‘ಡಯಟ್ ಮಾಡ್ತಿದ್ದೀಯಾ, ಚೆನ್ನಾಗಿ ಸಣ್ಣ ಆಗಿದ್ದೀಯಾ’ ಅಂದಾಗ ಏನು ಹೇಳಬೇಕು ಗೊತ್ತಾಗುತ್ತಿರಲಿಲ್ಲ.

ಆಮೇಲೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿದೆ. ಇದಕ್ಕೆ ಹೆಸರೇ ಇದೆಯಂತೆ, ತುಂಬಾ ಜನಕ್ಕೆ ಆಗುತ್ತದಂತೆ. ಗುದದ ಸುತ್ತಲಿನ ಸ್ನಾಯು ಬಿಗಿಹಿಡಿಯುವ ವ್ಯಾಯಾಮ ಹೇಳಿಕೊಟ್ಟರು. ಇಸಬಗೋಲು ಸ್ವಲ್ಪ ನೀರಿನಲ್ಲಿ ಕಲಸಿ ತಗೊಳ್ಳಲು ಹೇಳಿದರು, ಮಲ ಗಟ್ಟಿಯಾಗಲಿ ಅಂತ. ನಾನು ಇಸಬಗೋಲು ಬರೀ ಮಲಬದ್ಧತೆಗೆ ಅಂದುಕೊಂಡಿದ್ದೆ. ದೊಡ್ಡ ಊಟ ಎರಡರ ಬದಲು ಸಣ್ಣ ಊಟ ಐದು. ಪ್ರಯಾಣದ ದಿನ ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ, ಅದನ್ನೂ ಅವರೇ ಬರೆದುಕೊಟ್ಟರು. ಹೋದ ತಿಂಗಳು ತಂಗಿ ಮಗಳ ಮದುವೆಗೆ ಬಸ್ಸಿನಲ್ಲೇ ಹೋಗಿ ಬಂದೆ. ಪಂಕ್ತಿಯಲ್ಲಿ ಕೂತು ಊಟ ಮಾಡಿದೆ.

ಬೆಳಗಾವಿ ರೊಟ್ಟಿ

ತಂಗಿ, ನೀವು ಬರೆದದ್ದು ನನ್ನದೇ ಕಥೆ. ಆರು ವರ್ಷದಲ್ಲಿ ಯಾರ ಹತ್ತಿರವೂ ಹೇಳಿರಲಿಲ್ಲ. ಆ ವ್ಯಾಯಾಮದ ಬಗ್ಗೆ ನಾಳೆಯೇ ಕೇಳುತ್ತೇನೆ.

ಹಾಸನದ ಮೇಷ್ಟ್ರು

ನಮಸ್ಕಾರ. ಇದು ಮೇಷ್ಟ್ರ ಮನೆಯವರು ಬರೆಸುತ್ತಿರುವುದು. ನಾನು ಹೇಳುತ್ತಿದ್ದೇನೆ, ಮಗಳು ಟೈಪ್ ಮಾಡುತ್ತಿದ್ದಾಳೆ. ನೀವೆಲ್ಲ ಬರೆದದ್ದನ್ನು ರಾತ್ರಿ ಓದಿ ಹೇಳಿದಳು.

ಇವರು ನಿಮಗೆ ಒಂದು ವಿಷಯ ಹೇಳಿಲ್ಲ. ಆಪರೇಷನ್ ಆದ ಐದನೇ ವಾರ ನಮ್ಮ ನಾದಿನಿ ಮನೆ ಗೃಹಪ್ರವೇಶ. ಅಲ್ಲಿ ನನ್ನ ಕಣ್ಣು ತಪ್ಪಿಸಿ ಎರಡು ಬಟ್ಟಲು ಅವರೆಕಾಳು ಸಾರು, ಒಂದು ಮುದ್ದೆ ತಿಂದರು. ರಾತ್ರಿ ಹೊಟ್ಟೆ ಕಲ್ಲಾಯಿತು. ಹಸಿರು ವಾಂತಿ. ಗಾಳಿ ಕೂಡ ಹೋಗಲಿಲ್ಲ. ಎರಡು ಗಂಟೆಗೆ ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಓಡಿದೆವು. ಮೂಗಿನಲ್ಲಿ ಪೈಪ್ ಹಾಕಿ ಮೂರು ದಿನ ಇಟ್ಟರು. ಇನ್ನೊಂದು ಆಪರೇಷನ್ ಬೇಕಾಗಬಹುದು ಅಂದಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಆ ಚೀಟಿಯನ್ನೇ ಕೈಯಲ್ಲಿ ಹಿಡಿದುಕೊಂಡಿದ್ದೆ.

ಮನೆಗೆ ಬಂದ ದಿನ ಅದನ್ನು ಫ್ರಿಜ್‌ಗೆ ಅಂಟಿಸಿದೆ. ತೆಗೆಯಬಹುದು ಅಂತ ಆಮೇಲೆ ನನಗೆ ಯಾರೂ ಹೇಳಲಿಲ್ಲ. ಚೆಕಪ್‌ಗೆ ಹೋದಾಗ ಡಾಕ್ಟರು ರಿಪೋರ್ಟ್ ನೋಡುತ್ತಾರೆ, ಎಲ್ಲಾ ಚೆನ್ನಾಗಿದೆ ಅನ್ನುತ್ತಾರೆ, ಎರಡು ನಿಮಿಷ. ಊಟದ ಬಗ್ಗೆ ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರನ್ನು ಕರೆದಿರುತ್ತಾರೆ. ಇವರು ಸೊರಗುವುದು ನನಗೂ ಕಾಣುತ್ತದೆ. ಮುದ್ದೆ ಕೋಲು ಅಟ್ಟಕ್ಕೆ ಹಾಕಿ 14 ತಿಂಗಳಾಯಿತು. ನಾನೂ ಈ ಮನೆಯಲ್ಲಿ ಮುದ್ದೆ ತಿಂದಿಲ್ಲ.

ಮಂಡ್ಯದ ಸುಮ

ಅಕ್ಕಾ, ಕಣ್ಣಲ್ಲಿ ನೀರು ಬಂತು. ನೀವು ಏನೂ ತಪ್ಪು ಮಾಡಿಲ್ಲ.

ಕರಾವಳಿ ಡಯಟೀಷಿಯನ್

ಅಮ್ಮಾ, ನೀವು ಬರೆಸಿದ್ದು ತುಂಬಾ ಒಳ್ಳೆಯದಾಯಿತು. ಐದನೇ ವಾರಕ್ಕೆ ಎರಡು ಬಟ್ಟಲು ಅವರೆಕಾಳು ಸಿಪ್ಪೆ ಸಮೇತ ಅಂದರೆ ಊತ ಇಳಿಯದ ಕರುಳಿಗೆ ಭಾರವೇ. ಆಪರೇಷನ್ ಆದ ಮೇಲೆ ಕರುಳು ಒಳಗೆ ಅಂಟಿಕೊಂಡರೂ ಹೀಗೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಸರ್ಜನ್‌ಗೆ ಈ ಘಟನೆ ನೆನಪಿಸಿಯೇ ಕೇಳಿ. ಹೋಗುವಾಗ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಒಳಗೆ ಹೋದ ತಕ್ಷಣ, ಅವರು ರಿಪೋರ್ಟ್ ತೆರೆಯುವ ಮೊದಲೇ ಹಾಳೆಯನ್ನು ಮೇಜಿನ ಮೇಲೆ ಇಡಿ. ‘ಈ ಚೀಟಿ ಇನ್ನೂ ಪಾಲಿಸಬೇಕಾ?’ ಅನ್ನುವುದು ಮೊದಲ ಪ್ರಶ್ನೆ ಆಗಲಿ. ಆಸ್ಪತ್ರೆಯಲ್ಲಿ ಡಯಟೀಷಿಯನ್ ಇದ್ದರೆ ಅವರಿಗೆ ಬರೆದುಕೊಡಲು ಕೇಳಿ.

ಅವರು ಸರಿ ಅಂದರೆ ಮುದ್ದೆಗೆ ಮೆಟ್ಟಿಲು ಹತ್ತಿದ ಹಾಗೆ ಹೋಗಿ. ಮೊದಲ ವಾರ ರಾಗಿ ಮಣ್ಣಿ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿದ ಹಾಲನ್ನು ಕಾಯಿಸುವುದು. ನಮ್ಮ ಕರಾವಳಿಯಲ್ಲಿ ಮಕ್ಕಳಿಗೆ ಕೊಡುತ್ತೇವೆ, ಸಿಪ್ಪೆಯೆಲ್ಲ ಬಟ್ಟೆಯಲ್ಲೇ ಉಳಿಯುತ್ತದೆ. ಎರಡನೇ ವಾರ ತೆಳು ಅಂಬಲಿ, ಮಜ್ಜಿಗೆ ಹಾಕಿ. ಆಮೇಲೆ ನಿಂಬೆಹಣ್ಣಿನ ಗಾತ್ರದ ಮೆತ್ತನೆ ಮುದ್ದೆ, ಹಾಗೇ ದೊಡ್ಡದು ಮಾಡುತ್ತಾ ಹೋಗಿ. ನೀರು ಚೆನ್ನಾಗಿ ಕುಡಿಯಬೇಕು, ನಾರು ಜಾಸ್ತಿ ಆದಷ್ಟೂ. ಸೊಪ್ಪು ಮಸೆದು ಮಸ್ಸೊಪ್ಪು ಮಾಡಿ, ದಂಟು ಬೇಡ. ಮೊಟ್ಟೆ ನಾಳೆಯಿಂದಲೇ ಕೊಡಿ, ಅದರಲ್ಲಿ ನಾರೇ ಇಲ್ಲ, ಚೀಟಿಯಲ್ಲೂ ಬೇಡ ಅಂದಿರಲಿಕ್ಕಿಲ್ಲ. ಇವರ ತೂಕಕ್ಕೆ ದಿನಕ್ಕೆ 55 ಗ್ರಾಂ ಮೇಲೆ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಗಂಜಿಯಿಂದ ಅದು ತುಂಬುವುದಿಲ್ಲ. ಮೊಸರು, ಬೇಳೆ ಕಟ್ಟಿನ ಬದಲು ಬೇಳೆಯನ್ನೇ ಮಸೆದು ಕೊಡಿ.

ಮತ್ತೆ ಎಂದಾದರೂ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿ ಕೂಡ ಹೋಗದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅವತ್ತು ನೀವು ಓಡಿದ ಹಾಗೆಯೇ ಆಸ್ಪತ್ರೆಗೆ ಹೋಗಿ. ಅವತ್ತು ಅವರನ್ನು ಉಳಿಸಿದ್ದು ನೀವೇ.

ಕೆಆರ್ ಪೇಟೆ ಹುಡುಗ

ಸೋಸಿದ ರಾಗಿಯಲ್ಲಿ ಮುದ್ದೆ ಆಗುತ್ತಾ? ಮುದ್ದೆಗೆ ನುಚ್ಚು ಹಾಕಲೇಬೇಕು, ಇಲ್ಲದಿದ್ದರೆ ಅಂಟು ಅಂಟು.

ಹೊಳೆನರಸೀಪುರ

ನುಚ್ಚು ಯಾಕೆ? ಎಸರು ಚೆನ್ನಾಗಿ ಕುದಿದು, ಹಿಟ್ಟು ಹಾಕಿ ಮುಚ್ಚಿ ಬೇಯಿಸಿ, ಕೋಲು ಹಾಕಿ ಗಂಟಿಲ್ಲದಂತೆ ತಿರುವಿದರೆ ಬೆಣ್ಣೆ ತರಹ ಬರುತ್ತದೆ. ಬೇಯುವುದರಲ್ಲಿದೆ ಎಲ್ಲ. ನುಚ್ಚಿನ ಮುದ್ದೆ ರುಚಿಯೇ ಬೇರೆ ಒಪ್ಪುತ್ತೇನೆ, ಆದರೆ ಮೇಷ್ಟ್ರಿಗೆ ಈಗ ಬರೀ ಹಿಟ್ಟಿನದೇ ಸರಿ.

ಕೆಆರ್ ಪೇಟೆ ಹುಡುಗ

ಇನ್ನೊಂದು. ಡಾಕ್ಟರು ಎಲ್ಲವನ್ನೂ ಅಗಿದು ತಿನ್ನಿ ಅನ್ನುತ್ತಾರೆ. ಮುದ್ದೆ ಅಗಿಯುವ ಹಾಗಿಲ್ಲ, ನುಂಗಬೇಕು. ಆಗ?

ಕರಾವಳಿ ಡಯಟೀಷಿಯನ್

ಒಳ್ಳೆಯ ಪ್ರಶ್ನೆ. ಮುದ್ದೆ ಮೊದಲೇ ಬೆಂದ ಹಿಟ್ಟು, ಸಾರಿನ ಜೊತೆ ಕರಗುತ್ತದೆ. ಸಣ್ಣ ಸಣ್ಣ ತುತ್ತು ಮಾಡಿ ನುಂಗಬಹುದು. ಆದರೆ ಸಾರಿನಲ್ಲಿರುವ ಕಾಳು, ಸೊಪ್ಪು, ಮಾಂಸವನ್ನು ಮುದ್ದೆ ಜೊತೆ ಸೇರಿಸಿ ನುಂಗಬೇಡಿ. ಅವನ್ನು ಬೇರೆಯಾಗಿ ಅಗಿದು ತಿನ್ನಿ.

ಬನಶಂಕರಿ ಪುಟ್ಟಿ

ಸಕ್ಕರೆ ಬಗ್ಗೆಯೂ ಹೇಳಿ ಮೇಡಂ. ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ ಅಂತ ಅಪ್ಪನಿಗೆ ಹಬ್ಬದ ಹೋಳಿಗೆ ಕೂಡ ಕೊಡುತ್ತಿಲ್ಲ ಅಮ್ಮ.

ಕರಾವಳಿ ಡಯಟೀಷಿಯನ್

ದೇಹದ ಎಲ್ಲ ಜೀವಕೋಶಕ್ಕೂ ಗ್ಲುಕೋಸ್ ಬೇಕು. ನಾವು ತಿನ್ನದಿದ್ದರೆ ದೇಹವೇ ಮಾಡಿಕೊಳ್ಳುತ್ತದೆ. ಸಕ್ಕರೆ ಬಿಟ್ಟು ಗಡ್ಡೆಯನ್ನು ಉಪವಾಸ ಕೆಡವಲು ಆಗುವುದಿಲ್ಲ. ಬಾಟಲಿ ಪಾನೀಯ, ಬೇಕರಿ ತಿಂಡಿ ದಿನಾ ಬೇಡ. ತೂಕ, ಶುಗರ್ ಏರುವುದು ಅದರಿಂದ. ಶುಗರ್ ಕಾಯಿಲೆ ಇಲ್ಲದಿದ್ದರೆ ಯುಗಾದಿಗೆ ಒಂದು ಹೋಳಿಗೆ ಕೊಡಿ, ತುಪ್ಪ ಹಾಕಿ ಕೊಡಿ.

ತುಮಕೂರು ನರ್ಸಮ್ಮ

ಮೇಷ್ಟ್ರೇ, ಮರೆಯುವ ಮೊದಲು ಒಂದು ಮಾತು. ನಿಮ್ಮ ಮಗಳಿಗೆ ಎಷ್ಟು ವಯಸ್ಸು? ತಂದೆ ತಾಯಿಗೆ ಈ ಕಾಯಿಲೆ ಬಂದಿದ್ದರೆ ಮಕ್ಕಳು 40ಕ್ಕೆ, ಇಲ್ಲವೇ ತಂದೆ ತಾಯಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ಅಣ್ಣತಮ್ಮಂದಿರಿಗೂ ಹೇಳಿ. ಸುಮ ಅವರೇ, ಅತ್ತೆಯವರ ಕಡೆ ಎರಡು ಮೂರು ಜನಕ್ಕೆ ಬಂದಿದ್ದರೆ ಲಿಂಚ್ ಸಿಂಡ್ರೋಮ್ ಅನ್ನುವ ವಂಶದ ಕಾರಣ ಇದೆಯಾ ಅಂತ ಡಾಕ್ಟರ ಹತ್ತಿರ ಕೇಳಿ. ನಿಮ್ಮ ಯಜಮಾನರ ಸಲುವಾಗಿ.

ಮಂಡ್ಯದ ಸುಮ

ಅತ್ತೆಯ ತಮ್ಮನಿಗೂ ಇತ್ತು, 46ಕ್ಕೇ ಹೋದರು. ಇದನ್ನು ನಾವು ಜೋಡಿಸಿ ನೋಡಿಯೇ ಇರಲಿಲ್ಲ. ಸೋಮವಾರ ಇವರನ್ನು ಕರೆದುಕೊಂಡು ಹೋಗುತ್ತೇನೆ.

ಹಾಸನದ ಮೇಷ್ಟ್ರು

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸಿ, ತಡವಾಯಿತು.

ಹಾಳೆ ಬರೆದುಕೊಂಡು ಇಬ್ಬರೂ ಹೋದೆವು. ಡಾಕ್ಟರು ಚೀಟಿ ನೋಡಿ, ಇದು ಆರು ವಾರಕ್ಕೆ ಕೊಟ್ಟದ್ದು, ಇನ್ನೂ ಇಟ್ಟುಕೊಂಡಿದ್ದೀರಾ ಅಂದರು. ಇವಳು ಏನೂ ಮಾತಾಡಲಿಲ್ಲ. ಆಮೇಲೆ ಹಳೇ ಸ್ಕ್ಯಾನ್, ಕೊಲೊನೋಸ್ಕೋಪಿ ಎಲ್ಲ ತೆರೆದು ನೋಡಿ, ಕಿರಿದಾಗಿಲ್ಲ, ನಿಧಾನವಾಗಿ ಎಲ್ಲಾ ತಿನ್ನಿ ಅಂದರು. ಡಯಟೀಷಿಯನ್ ಹತ್ತಿರ ಕಳಿಸಿದರು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಶುರು ಮಾಡಿದ್ದಾರೆ. ಮುಂದಿನ ಸಿಇಎ ಏಪ್ರಿಲ್‌ನಲ್ಲಿ. ಮಗಳಿಗೆ 33. ಅವಳ ವಿಷಯವನ್ನೂ ಕೇಳಿ ಬರೆದುಕೊಂಡು ಬಂದೆವು.

ಒಂದು ವಾರ ಮಣ್ಣಿ, ಒಂದು ವಾರ ಅಂಬಲಿ. ಈ ಸೋಮವಾರ ಕೋಲು ಅಟ್ಟದಿಂದ ಇಳಿಯಿತು. ನಿಂಬೆಹಣ್ಣಿನಷ್ಟು ಮುದ್ದೆ, ಮಸ್ಸೊಪ್ಪು, ಒಂದು ಚಮಚ ತುಪ್ಪ. ಇವಳು ಎದುರಿಗೇ ಕೂತಿದ್ದಳು, ತಾನು ತಿನ್ನಲಿಲ್ಲ. ರಾತ್ರಿ ಮೂರು ಸಲ ಎದ್ದು ಹೊಟ್ಟೆ ಹೇಗಿದೆ ಅಂತ ಕೇಳಿದಳು. ಏನೂ ಆಗಲಿಲ್ಲ. ಮಂಗಳವಾರ ಅವಳೂ ಒಂದು ಮುದ್ದೆ ಹಾಕಿಕೊಂಡಳು. ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಸಂಜೆ ಇಬ್ಬರೂ ಸ್ಕೂಲ್ ಮೈದಾನಕ್ಕೆ ಎರಡು ಸುತ್ತು. ಹಿಂದೆ ಪಟ್ಟಿ ಇರುವ ಚಪ್ಪಲಿ ತಂದೆ. ತೂಕ 56 ಕೆಜಿ 200 ಗ್ರಾಂ.

ಈ ಅವರೆಕಾಳಿನ ವಿಷಯ ಮಾತ್ರ ಕೇಳಲು ಇನ್ನೂ ಧೈರ್ಯ ಬಂದಿಲ್ಲ.

ಹೊಳೆನರಸೀಪುರ

ಮೇಷ್ಟ್ರೇ, ಹಿತಕಿದ ಬೇಳೆ ಇದೆಯಲ್ಲ! ಅವರೆಕಾಳು ರಾತ್ರಿ ನೆನೆಸಿ ಸಿಪ್ಪೆ ಹಿತುಕಿ ತೆಗೆದರೆ ಒಳಗಿನ ಬೇಳೆ ಮೆತ್ತಗೆ. ತೊಂದರೆ ಕೊಡುವುದು ಹೆಚ್ಚಾಗಿ ಆ ಸಿಪ್ಪೆಯೇ ಅಲ್ವಾ?

ಕರಾವಳಿ ಡಯಟೀಷಿಯನ್

ಸರಿಯಾದ ಮಾತು. ಆದರೆ ಇನ್ನೆರಡು ವಾರ ಬಿಟ್ಟು. ಚೆನ್ನಾಗಿ ಬೇಯಿಸಿ, ಇಂಗು ಜೀರಿಗೆ ಹಾಕಿ, ಮೊದಲ ದಿನ ಎರಡು ಚಮಚ ಮಾತ್ರ.

ಹಾಸನದ ಮೇಷ್ಟ್ರು

ಇದು ಮೇಷ್ಟ್ರ ಮನೆಯವರು. ಎರಡು ವಾರ ಬಿಟ್ಟರೆ ಅವರೆಕಾಯಿ ಕಾಲ ಮುಗಿಯುತ್ತದೆ ಅಂತ ಇವತ್ತೇ ಎರಡು ಕೆಜಿ ತರಿಸಿದ್ದೇನೆ. ಸುಲಿದು, ನೆನೆಸಿ, ಹಿತುಕಿ ಫ್ರೀಜರಿನಲ್ಲಿ ಇಡುತ್ತೇನೆ. ಎಷ್ಟು ದಿನ ಕೆಡದೆ ಇರುತ್ತದೆ, ಗೊತ್ತಿದ್ದವರು ಹೇಳಿ.